ಮಳೆ ಕಾಣದ ನಾಡಿನಲ್ಲಿ ಮಂಜಿನ ಬೆಟ್ಟ

ನಮ್ಮ ಮನೆಯ ಫ್ರಿಜ್ ಹಳೆಯದು, ಒಂದೇ ಬಾಗಿಲಿನದು. ಚಳಿಗಾಲದಲ್ಲಿ ಬೆಂಗಳೂರಿನ ಬೀದಿ ಬೀದಿಯಲ್ಲಿ ಸೊಗಡವರೆ ರಾಶಿ ಬಿದ್ದಾಗ ಅಮ್ಮ ಐದಾರು ಕೆ.ಜಿ. ಕಾಯಿ ತರಿಸಿ, ಸುಲಿದು, ನೆನೆಸಿ, ಹಿತಕಿ, ಬೇಳೆಯನ್ನು ಪುಟ್ಟ ಪುಟ್ಟ ಪೊಟ್ಟಣಗಳಲ್ಲಿ ಕಟ್ಟಿ ಫ್ರೀಜರಿನ ಹಿಂಬದಿಗೆ ತಳ್ಳಿಬಿಡುತ್ತಾಳೆ. ಬೇಸಿಗೆ ರಜೆಗೆ ಮೊಮ್ಮಗಳು ಬಂದಾಗ ಹಿತಕಿದ ಬೇಳೆ ಸಾರು ಆಗಬೇಕಲ್ಲ. ಈ ಸಲ ಮೇ ತಿಂಗಳಲ್ಲಿ ಹುಡುಕಿದರೆ ಪೊಟ್ಟಣವೇ ಕಾಣಲಿಲ್ಲ. ಫ್ರೀಜರಿನ ಗೋಡೆಯಿಂದ ನಾಲ್ಕು ಬೆರಳು ದಪ್ಪಕ್ಕೆ ಬೆಳೆದ ಬಿಳಿಯ ಮಂಜು ಅದನ್ನು ನುಂಗಿ ಕೂತಿತ್ತು. ಪ್ಲಾಸ್ಟಿಕ್ ಚೀಲದ ಒಂದು ಮೂಲೆ ಮಾತ್ರ ಹೊರಗೆ ಇಣುಕುತ್ತಿತ್ತು. ನಾನು ದೋಸೆ ಮಗುಚುವ ಕೈ ಹಿಡಿದು ಮೀಟಲು ಹೋದರೆ, ಒಳಗಿನ ಕೊಳವೆ ತೂತಾಗುತ್ತದೆ ಎಂದು ಅಮ್ಮ ಬೈದಳು. ಫ್ರಿಜ್ ಆರಿಸಿ, ಒಂದು ಪಾತ್ರೆಯಲ್ಲಿ ಬಿಸಿನೀರು ಇಟ್ಟು ಕಾಯುವುದೊಂದೇ ದಾರಿ.

ಕಾಯುತ್ತಿದ್ದಾಗ ಅಕ್ಕನ ಮಗಳು ಕೇಳಿದಳು: "ಚಿಕ್ಕಮ್ಮ, ಇದರೊಳಗೆ ಯಾರೂ ನೀರು ಸುರಿದಿಲ್ಲ. ಇಷ್ಟು ಮಂಜು ಬಂದದ್ದು ಎಲ್ಲಿಂದ?"

ಬಾಗಿಲು ತೆರೆದಾಗಲೆಲ್ಲ ಅಡುಗೆಮನೆಯ ಹಸಿಗಾಳಿ ಒಳಗೆ ನುಗ್ಗುತ್ತದೆ. ಅದರಲ್ಲಿ ಕುಕ್ಕರಿನ ಆವಿ ಇರುತ್ತದೆ, ಕುದಿಯುವ ಸಾರಿನ ಆವಿ ಇರುತ್ತದೆ. ಆ ಆವಿ ತಣ್ಣನೆಯ ಗೋಡೆ ತಾಗಿದೊಡನೆ ಮಂಜಿನ ಪುಡಿಯಾಗಿ ಅಂಟಿಕೊಳ್ಳುತ್ತದೆ. ಒಂದು ಸಲಕ್ಕೆ ಅಂಟುವುದು ಚಿಟಿಕೆಯಷ್ಟೂ ಅಲ್ಲ. ಆದರೆ ಬಂದದ್ದು ಮತ್ತೆ ಹೋಗುವುದಿಲ್ಲ. ತೆನೆ ತೆನೆ ಗೂಡಿದರೆ ಬಳ್ಳ, ಹನಿ ಹನಿ ಗೂಡಿದರೆ ಹಳ್ಳ. ಭೂಮಿಯ ದಕ್ಷಿಣ ತುದಿಯಲ್ಲಿ ಒಂದು ಇಡೀ ಖಂಡವೇ ಹೀಗೆ ಬೆಳೆದಿದೆ. ಅಂಟಾರ್ಕ್ಟಿಕಾವನ್ನು ಅರ್ಥ ಮಾಡಿಕೊಳ್ಳಲು ಹಿಮಾಲಯದ ಚಿತ್ರಗಳಿಗಿಂತ ನಮ್ಮ ಫ್ರೀಜರೇ ವಾಸಿ ಎಂದು ನನಗೆ ಆವತ್ತು ಅನ್ನಿಸಿತು.

ಅಂಟಾರ್ಕ್ಟಿಕಾ ಎಂದರೆ ಹಗಲಿರುಳು ಹಿಮ ಸುರಿಯುವ ಜಾಗ ಎಂದೇ ನಮ್ಮಲ್ಲಿ ಬಹಳ ಜನರ ನಂಬಿಕೆ. ನಿಜವಾಗಿ ಅದು ಮರುಭೂಮಿ. ಖಂಡದ ಒಳನಾಡಿನಲ್ಲಿ ವರ್ಷವಿಡೀ ಬಿದ್ದ ಹಿಮವನ್ನೆಲ್ಲ ಕರಗಿಸಿದರೆ 50 ಮಿ.ಮೀ. ನೀರೂ ಆಗುವುದಿಲ್ಲ. ಕೆಲವು ಕಡೆ 25 ಮಿ.ಮೀ. ಅಷ್ಟೇ. ಸೆಪ್ಟೆಂಬರಿನ ಒಂದು ಸಂಜೆ ಬೆಂಗಳೂರಿನ ಅಂಡರ್‌ಪಾಸ್‌ಗಳನ್ನು ಮುಳುಗಿಸುವ ಮಳೆಯೇ ಅಲ್ಲಿನ ಎರಡು ವರ್ಷದ ಫಸಲಾದೀತು. ಅಲ್ಲಿ ಬೀಳುವುದರಲ್ಲಿ ಒಂದು ಪಾಲು ಮೋಡದಿಂದಲೂ ಬೀಳುವುದಿಲ್ಲ. ತಿಳಿ ಆಕಾಶದಲ್ಲೇ ಗಾಳಿಯ ತೇವ ಹೆಪ್ಪುಗಟ್ಟಿ, ಬಿಸಿಲಿಗೆ ಮಿನುಗುತ್ತ, ಸಕ್ಕರೆ ಪುಡಿಗಿಂತ ನುಣ್ಣಗೆ ಉದುರುತ್ತದೆ. ನಮ್ಮ ಫ್ರೀಜರಿನಲ್ಲಿ ನಡೆಯುವುದಕ್ಕೆ ಇದು ಬಲು ಹತ್ತಿರ.

ಇಷ್ಟು ಬಡ ಆದಾಯದಲ್ಲಿ ಅದು ಕೂಡಿಟ್ಟಿರುವ ಆಸ್ತಿ ನೋಡಿ. ಖಂಡದ ವಿಸ್ತೀರ್ಣ ಸುಮಾರು 1.4 ಕೋಟಿ ಚದರ ಕಿ.ಮೀ., ಅಂದರೆ ಭಾರತದ ನಾಲ್ಕು ಪಟ್ಟಿಗೂ ಮಿಗಿಲು. ಅದರಲ್ಲಿ ನೂರಕ್ಕೆ 98 ಪಾಲು ಮಂಜುಗಡ್ಡೆಯ ಅಡಿಯಲ್ಲಿದೆ. ಆ ಹೊದಿಕೆಯ ಸರಾಸರಿ ದಪ್ಪ ಹತ್ತಿರ ಹತ್ತಿರ ಎರಡು ಕಿ.ಮೀ.; ಅತಿ ದಪ್ಪ ಇರುವಲ್ಲಿ 4.7 ಕಿ.ಮೀ. ದಾಟುತ್ತದೆ. ಸಮುದ್ರಮಟ್ಟದಿಂದ ಅಳೆದ ನಂದಿಬೆಟ್ಟವನ್ನು ಒಂದರ ಮೇಲೊಂದರಂತೆ ಮೂರು ಸಲ ಪೇರಿಸಿದರೂ ಅಲ್ಲಿ ಮುಳುಗಿಹೋಗುತ್ತದೆ. ಭೂಮಿಯ ಮೇಲಿರುವ ಸಿಹಿನೀರಿನಲ್ಲಿ ನೂರಕ್ಕೆ ಅರವತ್ತು ಎಪ್ಪತ್ತು ಪಾಲು ಈ ಒಂದೇ ಗಡ್ಡೆಯಲ್ಲಿದೆ. ಬೇಸಿಗೆಯಲ್ಲಿ ಟ್ಯಾಂಕರ್ ಸದ್ದಿಗೆ ಕಿವಿ ನೆಟ್ಟು ಕೂರುವ ನಮ್ಮ ಬಡಾವಣೆಯವರಿಗೆ ಈ ಲೆಕ್ಕ ಹೇಳಬಾರದು, ಹೊಟ್ಟೆ ಉರಿಯುತ್ತದೆ.

ಇದೆಲ್ಲ ಎಲ್ಲೋ ದೂರದ ದಿಕ್ಕಿನಲ್ಲಿದೆ ಎಂದುಕೊಳ್ಳಬೇಡಿ. ನಮ್ಮ ಅಡುಗೆಮನೆಯ ಕಿಟಕಿ ದಕ್ಷಿಣಕ್ಕಿದೆ. ಆ ಕಿಟಕಿಯಿಂದ ನೂಲು ಹಿಡಿದಂತೆ ನೇರ ಹೊರಟರೆ ಕನ್ಯಾಕುಮಾರಿ. ಅಲ್ಲಿಂದ ಮುಂದೆ ಬರೀ ಸಮುದ್ರ. ಹಿಂದೂ ಮಹಾಸಾಗರದ ನಟ್ಟನಡುವೆ ಆಮ್‌ಸ್ಟರ್‌ಡ್ಯಾಮ್, ಸೇಂಟ್ ಪಾಲ್ ಎಂಬ ಎರಡು ಚುಕ್ಕೆಯಂಥ ದ್ವೀಪಗಳು ಸಿಗುತ್ತವೆ. ಆಮೇಲೆ ಸಿಗುವ ನೆಲವೇ ಅಂಟಾರ್ಕ್ಟಿಕಾ. ಸ್ವಲ್ಪ ಪಶ್ಚಿಮಕ್ಕೆ ಸರಿದರೆ ಭಾರತದ್ದೇ ಸಂಶೋಧನಾ ನಿಲ್ದಾಣ 'ಭಾರತಿ' ಇದೆ. ಬೆಂಗಳೂರಿನ ರೇಖಾಂಶ 77 ಡಿಗ್ರಿ ಚಿಲ್ಲರೆ, ಭಾರತಿಯದು 76 ಡಿಗ್ರಿ ಚಿಲ್ಲರೆ. ದೂರ ಒಂಬತ್ತು ಸಾವಿರ ಕಿ.ಮೀ.ಗೆ ತುಸು ಹೆಚ್ಚು. ದಾರಿಯಲ್ಲಿ ಒಂದು ತಿರುವೂ ಇಲ್ಲ.

ಉತ್ತರ ಧ್ರುವವೂ ಹೀಗೆಯೇ ಅಲ್ಲವೇ ಎಂದರೆ, ಅಲ್ಲ. ಉತ್ತರದಲ್ಲಿರುವುದು ಭೂಭಾಗಗಳು ಸುತ್ತುವರಿದ ಸಮುದ್ರ. ಅದರ ಮೇಲೆ ಕೆಲವೇ ಮೀಟರ್ ದಪ್ಪದ ಮಂಜಿನ ಕೆನೆ. ದಕ್ಷಿಣದಲ್ಲಿರುವುದು ಸಮುದ್ರ ಸುತ್ತುವರಿದ ಭೂಮಿ. ಹಿಮಕರಡಿ ಅಲ್ಲಿ, ಪೆಂಗ್ವಿನ್ ಇಲ್ಲಿ. ಎರಡನ್ನೂ ಒಂದೇ ಚಿತ್ರದಲ್ಲಿ ಹಾಕುವ ಐಸ್‌ಕ್ರೀಮ್ ಗಾಡಿಯವರನ್ನು ಕ್ಷಮಿಸಬಹುದು. ಕೆನೆಯ ಕೆಳಗಿನ ಸಮುದ್ರದ ನೀರು ಎಷ್ಟೇ ತಣ್ಣಗಿದ್ದರೂ ಸೊನ್ನೆಗಿಂತ ಎರಡು ಡಿಗ್ರಿಯಷ್ಟೇ ಕೆಳಗಿರುತ್ತದೆ, ಹಾಗಾಗಿ ಉತ್ತರ ಧ್ರುವಕ್ಕೆ ಕೆಳಗಿನಿಂದ ಒಲೆಯಿದ್ದಂತೆ. ದಕ್ಷಿಣ ಧ್ರುವದ ಕೆಳಗೆ ಅಂಥ ಒಲೆಯಿಲ್ಲ.

ದಕ್ಷಿಣದ ಚಳಿಗೆ ಕಾರಣ ಒಂದಲ್ಲ. ಬಿಸಿಲು ಓರೆಯಾಗಿ ಬೀಳುತ್ತದೆ, ಅರ್ಧ ವರ್ಷ ಬೀಳುವುದೇ ಇಲ್ಲ. ಬಿದ್ದ ಬಿಸಿಲಿನಲ್ಲೂ ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚನ್ನು ಬಿಳಿಯ ಹಿಮ ಹಾಗೇ ವಾಪಸ್ ಕಳಿಸುತ್ತದೆ. ಇದರ ಮೇಲೆ ಎತ್ತರ ಬೇರೆ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ ಎಂಬ ಒಂದೇ ಕಾರಣಕ್ಕೆ ನಾವು ಚೆನ್ನೈನವರ ಮುಂದೆ ಹವೆಯ ಬಗ್ಗೆ ಜಂಬ ಕೊಚ್ಚುತ್ತೇವೆ. ದಕ್ಷಿಣ ಧ್ರುವ ಇರುವುದು 2,835 ಮೀಟರ್ ಎತ್ತರದಲ್ಲಿ, ಆ ಎತ್ತರದಲ್ಲಿ ಸುಮಾರು 2,700 ಮೀಟರ್ ಬರೀ ಮಂಜುಗಡ್ಡೆ. ಮಂಜು ಬೆಳೆದಷ್ಟೂ ಎತ್ತರ, ಎತ್ತರವಾದಷ್ಟೂ ಚಳಿ, ಚಳಿಯಾದಷ್ಟೂ ಕರಗದ ಮಂಜು. ಗಾಳಿಯಲ್ಲಿ ತೇವ ಇಲ್ಲದಿರುವುದೂ ಚಳಿಗೆ ಇಂಬು ಕೊಡುತ್ತದೆ. ಮೋಡ ಕವಿದ ರಾತ್ರಿಗಿಂತ ನಕ್ಷತ್ರ ಕಾಣುವ ಜನವರಿ ರಾತ್ರಿ ಹೆಚ್ಚು ಕೊರೆಯುವುದನ್ನು ನಾವು ಕಂಡಿದ್ದೇವೆ. ತೇವ ಎಂಬುದು ನೆಲಕ್ಕೆ ಹೊದಿಸಿದ ಕಂಬಳಿ. ಅಲ್ಲಿ ಆ ಕಂಬಳಿಯೇ ಇಲ್ಲ. 1983ರ ಜುಲೈ 21ರಂದು ರಷ್ಯನ್ನರ ವೋಸ್ಟೋಕ್ ನಿಲ್ದಾಣದಲ್ಲಿ ಸೊನ್ನೆಗಿಂತ 89.2 ಡಿಗ್ರಿ ಕೆಳಗಿನ ಉಷ್ಣತೆ ದಾಖಲಾಯಿತು. ನೆಲಮಟ್ಟದ ಉಷ್ಣಮಾಪಕದಲ್ಲಿ ಭೂಮಿಯ ಮೇಲೆ ಅಷ್ಟು ಚಳಿಯನ್ನು ಬೇರೆಲ್ಲೂ ಅಳೆದಿಲ್ಲ.

ಈ ಚಳಿಯ ಗಾಳಿ ಭಾರ. ಗುಮ್ಮಟದಂತಿರುವ ಖಂಡದ ನೆತ್ತಿಯಿಂದ ಅದು ನೀರಿನ ಹಾಗೆ ಇಳಿಜಾರು ಹಿಡಿದು ಕರಾವಳಿಗೆ ಧುಮುಕುತ್ತದೆ. ಡಗ್ಲಸ್ ಮಾಸನ್ ಎಂಬ ಆಸ್ಟ್ರೇಲಿಯಾದ ಭೂವಿಜ್ಞಾನಿ 1912ರಲ್ಲಿ ಇಂಥ ಗಾಳಿಯ ಬಾಯಿಯಲ್ಲೇ ಗುಡಿಸಲು ಕಟ್ಟಿಕೊಂಡ. ಪಾಪ, ಅವನಿಗೆ ಅದು ಗೊತ್ತಿರಲಿಲ್ಲ. ಅಲ್ಲಿನ ಗಾಳಿಯ ವೇಗ ವರ್ಷದ ಸರಾಸರಿಯಲ್ಲೇ ಗಂಟೆಗೆ 70 ಕಿ.ಮೀ. ಆಸುಪಾಸು. ಅವನ ಸಂಗಡಿಗರು ಗಾಳಿಗೆ ಮೈ ಒರಗಿಸಿ ನಡೆಯುವುದನ್ನು ಕಲಿತರು.

ಈಗ ಒಂದು ಮನೆಲೆಕ್ಕ. ಖಂಡದ ಒಳಗೆ 'ಡೋಮ್ ಸಿ' ಎಂಬ ಜಾಗವಿದೆ. ಅಲ್ಲಿ ಯುರೋಪಿನ ವಿಜ್ಞಾನಿಗಳು ಸುಮಾರು 3,270 ಮೀಟರ್ ಆಳ ಕೊರೆದು, ಕೊಳವೆಯಾಕಾರದ ಮಂಜುಗಡ್ಡೆಯನ್ನು ತುಂಡು ತುಂಡಾಗಿ ಮೇಲೆತ್ತಿದರು. ಅದರಲ್ಲಿ 8 ಲಕ್ಷ ವರ್ಷಗಳ ಹಿಮ ಪದರ ಪದರವಾಗಿ ಇತ್ತು. ವರ್ಷಕ್ಕೆ 25 ಮಿ.ಮೀ. ಎಂದರೆ 8 ಲಕ್ಷ ವರ್ಷಕ್ಕೆ 20 ಕಿ.ಮೀ. ಆಗಬೇಕು. ಹಿಮಯುಗಗಳಲ್ಲಿ ಗಾಳಿ ಇನ್ನೂ ಒಣಗಿತ್ತು, ಅರ್ಧದಷ್ಟೇ ಬಿದ್ದಿತು ಎಂದು ಕಳೆದರೂ ಹತ್ತು ಕಿ.ಮೀ. ಮೀರಬೇಕು. ಇರುವುದು ಮೂರೂಕಾಲು. ಮಿಕ್ಕದ್ದು ಎಲ್ಲಿಗೆ ಹೋಯಿತು?

ಒಬ್ಬಟ್ಟು ತಟ್ಟುವವರಿಗೆ ಉತ್ತರ ಗೊತ್ತು. ಬಾಳೆಎಲೆಯ ಮೇಲಿನ ಉಂಡೆಯನ್ನು ಅಂಗೈಯಿಂದ ಒತ್ತಿದರೆ ಅದು ನಡುವೆ ತೆಳುವಾಗಿ ಅಂಚಿನತ್ತ ಹರಡುತ್ತದೆ. ಮಂಜುಗಡ್ಡೆ ಕೈಗೆ ಗಟ್ಟಿ, ಸುತ್ತಿಗೆಗೆ ಒಡೆಯುತ್ತದೆ, ನಿಜ. ಆದರೆ ಕಿಲೋಮೀಟರ್‌ಗಟ್ಟಲೆ ಭಾರ ಸಾವಿರಾರು ವರ್ಷ ಒತ್ತಿದರೆ ಅದೂ ಕಣಕದಂತೆ ಮಣಿಯುತ್ತದೆ. ಮೇಲೆ ಹೊಸ ಹಿಮ ಬಿದ್ದಂತೆ ಕೆಳಗಿನ ಪದರಗಳು ತೆಳುವಾಗುತ್ತ, ಪಕ್ಕಕ್ಕೆ ಜರುಗುತ್ತ, ಕೊನೆಗೆ ಸಮುದ್ರದ ಅಂಚು ಸೇರುತ್ತವೆ. ಆಳದಲ್ಲಿ ಒಂದು ವರ್ಷದ ಹಿಮ ಒಂದೆರಡು ಮಿ.ಮೀ. ದಪ್ಪಕ್ಕೂ ಕಡಿಮೆ. ನಿಂತಂತೆ ಕಾಣುವ ಆ ಬಿಳಿ ಬಯಲು ನಿಂತಿಲ್ಲ, ಹರಿಯುತ್ತಿದೆ. ದಕ್ಷಿಣ ಧ್ರುವದ ನೆಲದ ಗುರುತುಕಂಬವನ್ನು ಪ್ರತಿವರ್ಷ ಹತ್ತು ಮೀಟರ್‌ನಷ್ಟು ಸರಿಸಿ ಮತ್ತೆ ನೆಡುತ್ತಾರೆ, ಏಕೆಂದರೆ ಧ್ರುವ ಅಲ್ಲೇ ಇರುತ್ತದೆ, ಕಂಬ ನಿಂತ ಮಂಜು ಮುಂದೆ ಹೋಗಿರುತ್ತದೆ.

ಹಿಮ ಮಂಜುಗಡ್ಡೆಯಾಗುವ ಹೊತ್ತಿಗೆ ಇನ್ನೊಂದು ಕೆಲಸ ನಡೆಯುತ್ತದೆ. ಹೊಸ ಹಿಮದ ಹರಳುಗಳ ನಡುವೆ ಗಾಳಿ ಆಡುತ್ತಿರುತ್ತದೆ. ಆಳ ನೂರು ಮೀಟರ್ ಸಮೀಪಿಸಿದಾಗ ಭಾರಕ್ಕೆ ಸಂದುಗಳೆಲ್ಲ ಮುಚ್ಚಿ, ಒಳಗಿದ್ದ ಗಾಳಿ ಗುಳ್ಳೆಗಳಾಗಿ ಸೆರೆಯಾಗುತ್ತದೆ. ಅದು ಆ ಕಾಲದ ಗಾಳಿಯೇ. ಅದನ್ನು ಬಿಡಿಸಿ ಅಳೆದಾಗ, 8 ಲಕ್ಷ ವರ್ಷಗಳ ಉದ್ದಕ್ಕೂ ಇಂಗಾಲದ ಡೈ ಆಕ್ಸೈಡ್ ಗಾಳಿಯ ಹತ್ತು ಲಕ್ಷ ಕಣಗಳಿಗೆ ಸುಮಾರು 180ರಿಂದ 300ರ ನಡುವೆಯೇ ಏರಿಳಿದದ್ದು ಕಂಡಿತು. ಈಗ ಅದು 420 ದಾಟಿದೆ. 2025ರ ಜನವರಿಯಲ್ಲಿ ಇನ್ನೊಂದು ಯುರೋಪಿಯನ್ ತಂಡ ಡೋಮ್ ಸಿ ಸಮೀಪದಲ್ಲೇ 2,800 ಮೀಟರ್ ಕೊರೆದು 12 ಲಕ್ಷ ವರ್ಷ ಮೀರಿದ ಮಂಜನ್ನು ಮುಟ್ಟಿತು. ಅಂಥ ಮಂಜಿನ ಚೂರನ್ನು ನೀರಿಗೆ ಹಾಕಿದರೆ ಗುಳ್ಳೆಗಳು ಒಡೆದು ಚಟಚಟ ಸದ್ದಾಗುತ್ತದೆಯಂತೆ. ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಎಂದು ನಾನು ಊಹಿಸಿಕೊಂಡಿದ್ದೇನೆ.

ಇಂಥ ನೆಲಕ್ಕೆ ಮನುಷ್ಯ ಹೋದದ್ದು ತೀರ ಈಚೆಗೆ. ಜೇಮ್ಸ್ ಕುಕ್ 1773ರಲ್ಲಿ ಅಂಟಾರ್ಕ್ಟಿಕ್ ವೃತ್ತವನ್ನು ದಾಟಿದನಾದರೂ ನೆಲ ಕಾಣದೆ ಮರಳಿದ. 1820ರಲ್ಲಿ ಮೊದಲು ಕಣ್ಣಿಗೆ ಬಿದ್ದ ಖಂಡದ ನಡುಬಿಂದು ತಲುಪಲು ಇನ್ನೂ 91 ವರ್ಷ ಬೇಕಾಯಿತು. ನಾರ್ವೆಯ ರೋಆಲ್ಡ್ ಅಮುಂಡ್ಸೆನ್ ನಾಲ್ವರು ಸಂಗಡಿಗರೊಂದಿಗೆ 1911ರ ಡಿಸೆಂಬರ್ 14ರಂದು ಧ್ರುವದಲ್ಲಿ ನಿಂತ. ಬ್ರಿಟನ್ನಿನ ರಾಬರ್ಟ್ ಸ್ಕಾಟ್ ಮತ್ತು ನಾಲ್ವರು 1912ರ ಜನವರಿ 17ರಂದು ತಲುಪಿ, ಅಲ್ಲಿ ಆಗಲೇ ಹಾರುತ್ತಿದ್ದ ನಾರ್ವೆಯ ಬಾವುಟವನ್ನು ಕಂಡರು. ಮರಳುವ ದಾರಿಯಲ್ಲಿ ಐವರೂ ಸತ್ತರು. ಕೊನೆಯ ಮೂವರ ಗುಡಾರ ಸಿಕ್ಕಿದ್ದು ಆಹಾರ ಕೂಡಿಟ್ಟಿದ್ದ ದಾಸ್ತಾನಿನಿಂದ 18 ಕಿ.ಮೀ. ದೂರದಲ್ಲಿ.

ಈ ಕಥೆಯನ್ನು ಧೈರ್ಯ, ತ್ಯಾಗ ಎಂಬ ಧಾಟಿಯಲ್ಲಿ ಹೇಳುವುದು ವಾಡಿಕೆ. ನನಗೆ ಅದರಲ್ಲಿ ಕಾಣುವುದು ಸೀಮೆಎಣ್ಣೆ. ಪ್ರಪಂಚದ ಸಿಹಿನೀರಿನ ಅರ್ಧಕ್ಕೂ ಹೆಚ್ಚು ಪಾಲಿನ ಮೇಲೆ ನಿಂತಿದ್ದರೂ ಅಲ್ಲಿ ಕುಡಿಯಲು ಒಂದು ಲೋಟ ನೀರಿಲ್ಲ. ಹಿಮವನ್ನೇ ತಿಂದರೆ ಅದನ್ನು ಕರಗಿಸಲು ಮೈಯ ಬಿಸಿ ಖರ್ಚಾಗುತ್ತದೆ. ಒಂದು ಲೋಟ ಮಂಜನ್ನು ಬರೀ ಕರಗಿಸಲು ಬೇಕಾಗುವ ಶಾಖ, ಕರಗಿದ ಅಷ್ಟೇ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಏರಿಸಲು ಬೇಕಾಗುವಷ್ಟು. ಅಂದರೆ ಅಲ್ಲಿ ತಣ್ಣೀರು ಕುಡಿಯುವುದೂ ಒಂದೇ, ಇಲ್ಲಿ ಕಾಫಿಗೆ ನೀರು ಕಾಯಿಸುವುದೂ ಒಂದೇ. ಹಾಗಾಗಿ ಎಣ್ಣೆ ಮುಗಿದರೆ ನೀರೂ ಮುಗಿಯಿತು. ಸ್ಕಾಟ್ ದಾರಿಯುದ್ದಕ್ಕೂ ಎಣ್ಣೆಯ ಡಬ್ಬಿಗಳನ್ನು ಹೂತಿಟ್ಟಿದ್ದ. ಅವುಗಳ ಮುಚ್ಚಳಕ್ಕೆ ಚರ್ಮದ ವಾಷರ್ ಇತ್ತು. ಚಳಿಗೆ ಅದು ಸರಿಯಾಗಿ ಕೂರದೆ ಎಣ್ಣೆ ಆವಿಯಾಗಿ ಸೋರಿಹೋಯಿತು. ಮರಳಿ ಬಂದು ತೆರೆದರೆ ಡಬ್ಬಿಗಳಲ್ಲಿ ಇರಬೇಕಾದಷ್ಟು ಎಣ್ಣೆಯಿಲ್ಲ. ಅಮುಂಡ್ಸೆನ್ ತನ್ನ ಡಬ್ಬಿಗಳಿಗೆ ಬೆಸುಗೆ ಹಾಕಿಸಿದ್ದ.

ಎರಡನೆಯದು ಜಾರುಬಂಡಿ. ಬಂಡಿಯ ಪಟ್ಟಿ ಹಿಮದ ಮೇಲೆ ಉಜ್ಜಿದಾಗ ಹುಟ್ಟುವ ಬಿಸಿಗೆ ಹಿಮದ ಮೇಲ್ಮೈ ಕೂದಲೆಳೆಯಷ್ಟು ಮೆತ್ತಗಾಗುತ್ತದೆ, ಅದರ ಮೇಲೆ ಬಂಡಿ ಜಾರುತ್ತದೆ. ಚಳಿ ಮಿತಿಮೀರಿದರೆ ಆ ಜಾರಿಕೆಯೇ ಹುಟ್ಟುವುದಿಲ್ಲ, ಹಿಮ ಮರಳಿನಂತಾಗುತ್ತದೆ. 1912ರ ಫೆಬ್ರವರಿ ಕೊನೆ, ಮಾರ್ಚ್‌ನಲ್ಲಿ ಅಲ್ಲಿ ಎಂದಿಲ್ಲದ ಚಳಿ ಬಿತ್ತು. ನಾಯಿಗಳ ಮೇಲೆ ಭಾರ ಹಾಕಿದ ಅಮುಂಡ್ಸೆನ್ ಅಷ್ಟರಲ್ಲಿ ಖಂಡವನ್ನೇ ಬಿಟ್ಟಾಗಿತ್ತು. ಹೊರಟಾಗ ಇದ್ದ 52 ನಾಯಿಗಳಲ್ಲಿ ಮರಳಿದ್ದು 11. ಉಳಿದವನ್ನು ದಾರಿಯಲ್ಲಿ ಕೊಂದು ನಾಯಿಗಳಿಗೂ ಮನುಷ್ಯರಿಗೂ ಉಣಿಸಿದ್ದರು ಎಂಬುದನ್ನು ಹೇಳದೆ ಅವನ ಜಾಣ್ಮೆಯನ್ನು ಹೊಗಳುವುದು ನನಗೆ ಒಪ್ಪಿಗೆಯಿಲ್ಲ. ಸ್ಕಾಟ್ ತಂಡ ಬಂಡಿಯನ್ನು ತಾನೇ ಎಳೆಯುತ್ತಿತ್ತು, ಮರಳಿನ ಮೇಲೆ ಎಳೆದಂತೆ.

ಆ ಬಂಡಿಯಲ್ಲಿ ಸುಮಾರು 16 ಕೆ.ಜಿ. ಕಲ್ಲುಗಳಿದ್ದವು. ಸಾಯುವ ಸ್ಥಿತಿಯಲ್ಲೂ ಅವರು ಅವನ್ನು ಎಸೆದಿರಲಿಲ್ಲ. ಅವುಗಳಲ್ಲಿ ನಾಲಿಗೆಯಾಕಾರದ ಎಲೆಗಳ ಅಚ್ಚುಗಳಿದ್ದವು. ಗ್ಲಾಸಾಪ್ಟೆರಿಸ್ ಎಂಬ, ಸುಮಾರು 25 ಕೋಟಿ ವರ್ಷಗಳ ಹಿಂದೆ ಅಳಿದ ಮರದ ಎಲೆ ಅದು. ಇದೇ ಎಲೆ ಭಾರತದ ಕಲ್ಲಿದ್ದಲಿನ ಪದರಗಳಲ್ಲಿ, ಆಫ್ರಿಕಾದಲ್ಲಿ, ಆಸ್ಟ್ರೇಲಿಯಾದಲ್ಲಿ ಆಗಲೇ ಸಿಕ್ಕಿತ್ತು. ಈ ನೆಲಗಳೆಲ್ಲ ಒಂದು ಕಾಲಕ್ಕೆ ಕೂಡಿಕೊಂಡಿದ್ದವು ಎನ್ನಲು ಅದೊಂದು ದೊಡ್ಡ ಸಾಕ್ಷಿಯಾಯಿತು. ಆ ಕೂಡುನೆಲದ ಹೆಸರು ಗೊಂಡ್ವಾನ, ನಮ್ಮ ಮಧ್ಯಭಾರತದ ಗೊಂಡರ ನಾಡಿನಿಂದ ಬಂದದ್ದು. ಆಗ ಭಾರತದ ಪೂರ್ವ ಕರಾವಳಿ ಅಂಟಾರ್ಕ್ಟಿಕಾಕ್ಕೆ ಒತ್ತಿಕೊಂಡಿತ್ತು, ಎರಡರ ನಡುವೆ ಸಮುದ್ರವಿರಲಿಲ್ಲ. ಲಾಲ್‌ಬಾಗಿನ ಬಂಡೆಯ ಮೇಲೆ ಕೆಂಪೇಗೌಡರ ಗೋಪುರದ ಬುಡದಲ್ಲಿ ಕೂತು ಕಡಲೆಕಾಯಿ ತಿನ್ನುವಾಗ ನನಗೆ ಇದು ನೆನಪಾಗುತ್ತದೆ. ಸುಮಾರು 300 ಕೋಟಿ ವರ್ಷ ಹಳೆಯ ಆ ಬಂಡೆ ದಕ್ಷಿಣದ ಚಳಿಯ ಪಕ್ಕದಲ್ಲಿ ಬಹುಕಾಲ ಕಳೆದು ಇಲ್ಲಿಗೆ ಬಂದಿದೆ.

ಅಂಟಾರ್ಕ್ಟಿಕಾದಲ್ಲಿ ಕಾಡಿತ್ತು ಎಂದರೆ ಮಕ್ಕಳು ನಂಬುವುದಿಲ್ಲ. ಕಾಡಿತ್ತು. ಗೊಂಡ್ವಾನ ಒಡೆದು ಚೂರುಗಳು ಬೇರಾದ ಮೇಲೂ ಬಹುಕಾಲ ಹಸಿರೇ ಇತ್ತು. ಮಂಜು ಖಂಡವನ್ನು ಹಿಡಿದದ್ದು ಸುಮಾರು 3.4 ಕೋಟಿ ವರ್ಷಗಳ ಹಿಂದೆ. ಗಾಳಿಯಲ್ಲಿ ಇಂಗಾಲದ ಡೈ ಆಕ್ಸೈಡ್ ಇಳಿದದ್ದು ಒಂದು ಕಾರಣ; ದಕ್ಷಿಣ ಅಮೆರಿಕ, ಆಸ್ಟ್ರೇಲಿಯಾ ದೂರ ಸರಿದು ಖಂಡದ ಸುತ್ತ ಸಮುದ್ರದ ನೀರು ಅಡೆತಡೆಯಿಲ್ಲದೆ ಪ್ರದಕ್ಷಿಣೆ ಹಾಕತೊಡಗಿದ್ದು ಇನ್ನೊಂದು. ಆ ಪ್ರದಕ್ಷಿಣೆಯ ಹರಿವು ಉತ್ತರದ ಬೆಚ್ಚನೆಯ ನೀರನ್ನು ಹತ್ತಿರ ಸುಳಿಯಗೊಡುವುದಿಲ್ಲ.

ಗ್ಲಾಸಾಪ್ಟೆರಿಸ್ ಕಾಡು ಹೂತು ಆದ ಗೊಂಡ್ವಾನ ಕಲ್ಲಿದ್ದಲು ಸಿಂಗರೇಣಿಯ ಗಣಿಗಳಲ್ಲಿದೆ. ಅಲ್ಲಿಂದ ರೈಲಿನಲ್ಲಿ ರಾಯಚೂರಿನ ಶಾಖೋತ್ಪನ್ನ ಸ್ಥಾವರಕ್ಕೆ ಬರುತ್ತದೆ, ಉರಿಯುತ್ತದೆ, ವಿದ್ಯುತ್ತಾಗಿ ತಂತಿಗಳಲ್ಲಿ ಹರಿದು ನಮ್ಮ ಫ್ರಿಜ್ಜಿಗೂ ಬರುತ್ತದೆ. ಸ್ಕಾಟ್ ಬಂಡಿಯ ಎಲೆಗೂ ಅಮ್ಮನ ಅವರೆಬೇಳೆಯ ಮೇಲಿನ ಮಂಜಿಗೂ ಹೀಗೊಂದು ನಂಟು.

ಭಾರತದವರು ಅಂಟಾರ್ಕ್ಟಿಕಾಕ್ಕೆ ಹೋದ ಕಥೆಯಲ್ಲಿ ನಮ್ಮ ಪೊಟ್ಟಣದ ಕಥೆಯೇ ಇದೆ. ಸಮುದ್ರ ಜೀವವಿಜ್ಞಾನಿ ಸಯ್ಯದ್ ಜಹೂರ್ ಖಾಸಿಂ ನೇತೃತ್ವದ 21 ಜನರ ತಂಡ 1981ರ ಡಿಸೆಂಬರ್ 6ರಂದು ಹೆಚ್ಚು ಸದ್ದಿಲ್ಲದೆ ಗೋವಾ ಬಿಟ್ಟು, 1982ರ ಜನವರಿ 9ರಂದು ಮಂಜಿನ ಮೇಲೆ ಕಾಲಿಟ್ಟಿತು. 1983–84ರ ಯಾತ್ರೆಯಲ್ಲಿ ದಕ್ಷಿಣ ಗಂಗೋತ್ರಿ ಎಂಬ ನಿಲ್ದಾಣ ಎದ್ದಿತು. ಅದಿತಿ ಪಂತ್ ಮತ್ತು ಸುದೀಪ್ತಾ ಸೇನ್‌ಗುಪ್ತಾ, ಅಲ್ಲಿಗೆ ಹೋದ ಮೊದಲ ಭಾರತೀಯ ಮಹಿಳಾ ವಿಜ್ಞಾನಿಗಳು, ಅದೇ ಯಾತ್ರೆಯಲ್ಲಿದ್ದರು. ನಿಲ್ದಾಣವನ್ನು ಕಟ್ಟಿದ್ದು ಬಂಡೆಯ ಮೇಲಲ್ಲ, ಮಂಜಿನ ಮೇಲೆ. ಗಾಳಿ ಹಿಮವನ್ನು ಹೊತ್ತು ತಂದು ಗೋಡೆಗೆ ಒಟ್ಟುತ್ತದೆ, ಒಟ್ಟಿದ್ದು ಕರಗುವುದಿಲ್ಲ. ಐದಾರು ವರ್ಷಕ್ಕೆ ದಕ್ಷಿಣ ಗಂಗೋತ್ರಿ ಹೂತುಹೋಯಿತು, 1990ರಲ್ಲಿ ಅದನ್ನು ಕೈಬಿಟ್ಟರು. ಇದೊಂದು ನಮ್ಮ ಎಡವಟ್ಟು ಎಂದೇನಲ್ಲ. ಬ್ರಿಟಿಷರ ಹ್ಯಾಲಿ ನಿಲ್ದಾಣದ ಮೊದಲ ನಾಲ್ಕು ಕಟ್ಟಡಗಳು ಒಂದರ ಹಿಂದೊಂದು ಹೀಗೇ ಹೂತವು. ಈಗಿನದಕ್ಕೆ ಉದ್ದ ಕಾಲುಗಳೂ ಕಾಲಡಿ ಜಾರುಹಲಗೆಗಳೂ ಇವೆ, ಬೇಕಾದಾಗ ಮೇಲೆತ್ತಿ ಎಳೆದುಕೊಂಡು ಹೋಗಬಹುದು.

ಭಾರತದ ಎರಡನೆಯ ನಿಲ್ದಾಣ ಮೈತ್ರಿ 1989ರಲ್ಲಿ ಸಿದ್ಧವಾಯಿತು, ಈ ಸಲ ಮಂಜಿಲ್ಲದ ಬಂಡೆನೆಲದ ಮೇಲೆ. ಮೂರನೆಯದೇ ಭಾರತಿ. 134 ಸರಕು ಕಂಟೇನರ್‌ಗಳನ್ನು ಜೋಡಿಸಿ, ಸುತ್ತ ಹೊದಿಕೆ ಹಾಕಿ, ಕೆಳಗಿನಿಂದ ಗಾಳಿ ಹಾದುಹೋಗುವಂತೆ ಕಂಬಗಳ ಮೇಲೆ ನಿಲ್ಲಿಸಿದ ಕಟ್ಟಡ, 2012ರಲ್ಲಿ ಶುರುವಾಯಿತು. ಮೈತ್ರಿಗೂ ಭಾರತಿಗೂ ನಡುವೆ ಸುಮಾರು 3,000 ಕಿ.ಮೀ. ಹೆಸರಿಗೆ ನೆರೆಮನೆ. ಈ ನೆಲ ಯಾರ ಸ್ವತ್ತೂ ಅಲ್ಲ. 1959ರಲ್ಲಿ 12 ದೇಶಗಳು ಮಾಡಿಕೊಂಡ ಒಪ್ಪಂದದಂತೆ ಅಲ್ಲಿ ಸೈನ್ಯದ ಕೆಲಸ ನಡೆಸುವಂತಿಲ್ಲ, ಗಣಿಗಾರಿಕೆಯನ್ನು ಆಮೇಲಿನ ಒಡಂಬಡಿಕೆ ನಿಷೇಧಿಸಿದೆ. ಭಾರತ ಸೇರಿದ್ದು 1983ರಲ್ಲಿ.

ಇನ್ನು ಈ ಕೂಡಿಟ್ಟ ಮಂಜು ಖರ್ಚಾಗುವ ಬಗೆ. ಇಡೀ ಖಂಡದ ಮೇಲೆ ವರ್ಷಕ್ಕೆ ಬೀಳುವ ಹಿಮ ಸುಮಾರು 2 ಲಕ್ಷ ಕೋಟಿ ಟನ್. ಹೆಚ್ಚುಕಡಿಮೆ ಅಷ್ಟೇ ಮಂಜು ಅಂಚುಗಳಲ್ಲಿ ಸಮುದ್ರ ಸೇರುತ್ತದೆ. ಒಬ್ಬಟ್ಟಿನ ಅಂಚು ಎಲೆಯನ್ನೂ ದಾಟಿ ಹೊರಚಾಚಿದಂತೆ, ಹರಿದು ಬಂದ ಮಂಜು ಕರಾವಳಿಯಿಂದಾಚೆ ನೀರಿನ ಮೇಲೆ ತೇಲುವ ಜಗಲಿಯಾಗಿ ಚಾಚಿಕೊಂಡಿರುತ್ತದೆ. ಈ ಜಗಲಿ ಕರಗಿದರೆ ಸಮುದ್ರ ಏರುವುದಿಲ್ಲ. ಪಾನಕದ ಲೋಟದಲ್ಲಿ ತೇಲುವ ಐಸ್ ಕರಗಿದಾಗ ಮಟ್ಟ ಏರದ ಹಾಗೆ. ತೇಲುವಾಗ ಅದು ಎಷ್ಟು ಜಾಗ ಸರಿಸಿತ್ತೋ ಕರಗಿದ ನೀರು ಅಷ್ಟೇ ಜಾಗ ತುಂಬುತ್ತದೆ. ತೊಂದರೆ ಅದರ ಹಿಂದಿದೆ. ಜಗಲಿ ಎಂಬುದು ನೆಲದ ಮೇಲಿರುವ ಮಂಜು ಜಾರಿ ಬರದಂತೆ ಬಾಗಿಲಿಗೆ ಕೊಟ್ಟ ಆನಿಕೆ. 2002ರಲ್ಲಿ ಲಾರ್ಸನ್ ಬಿ ಎಂಬ ಜಗಲಿಯ 3,250 ಚದರ ಕಿ.ಮೀ., ಬೆಂಗಳೂರು ನಗರ ಜಿಲ್ಲೆಯ ಒಂದೂವರೆಯಷ್ಟು, ತಿಂಗಳೊಂದರ ಆಸುಪಾಸಿನಲ್ಲಿ ಪುಡಿಪುಡಿಯಾಯಿತು. ಅದರ ಬೆನ್ನಿಗಿದ್ದ ಹಿಮನದಿಗಳು ಹಿಂದಿಗಿಂತ ಹಲವು ಪಟ್ಟು ವೇಗವಾಗಿ ಸಮುದ್ರಕ್ಕೆ ನುಗ್ಗಿದವು. ಲೋಟಕ್ಕೆ ಹೊರಗಿನಿಂದ ಹೊಸ ಐಸ್ ಬಿದ್ದರೆ ಮಟ್ಟ ಏರಲೇಬೇಕಲ್ಲ.

ಹೆಚ್ಚು ಆತಂಕ ಇರುವುದು ಪಶ್ಚಿಮ ಭಾಗದ ಥ್ವೇಟ್ಸ್ ಹಿಮನದಿಯ ಬಗ್ಗೆ. ನದಿ ಎಂಬ ಹೆಸರು ಕೇಳಿ ಮೋಸ ಹೋಗಬೇಡಿ. ಅದರ ವಿಸ್ತಾರ ಸುಮಾರು 1.92 ಲಕ್ಷ ಚದರ ಕಿ.ಮೀ., ಬೀದರಿನಿಂದ ಚಾಮರಾಜನಗರದವರೆಗಿನ ಇಡೀ ಕರ್ನಾಟಕದಷ್ಟು. ಅದು ಕೂತಿರುವ ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆ, ಒಳಗೆ ಹೋದಷ್ಟೂ ಇನ್ನಷ್ಟು ತಗ್ಗು. ಆಳಸಮುದ್ರದ ಬೆಚ್ಚನೆಯ ನೀರು ಅಡಿಯಿಂದ ನುಸುಳಿ ಅದನ್ನು ಕೊರೆಯುತ್ತಿದೆ. ಬೆಚ್ಚನೆ ಎಂದರೆ ಸ್ನಾನದ ನೀರಲ್ಲ, ಸೊನ್ನೆಗಿಂತ ಒಂದು ಡಿಗ್ರಿ ಮೇಲಿದ್ದರೂ ಮಂಜಿಗೆ ಅದು ಬಿಸಿಯೇ. ಥ್ವೇಟ್ಸ್ ಒಂದೇ ಪೂರ್ತಿ ಹೋದರೆ ಪ್ರಪಂಚದ ಸಮುದ್ರ ಸುಮಾರು 65 ಸೆಂ.ಮೀ. ಏರುತ್ತದೆ. ಅದಕ್ಕೆ ಶತಮಾನಗಳೇ ಹಿಡಿಯಬಹುದು. 900 ಮೀಟರ್ ಎತ್ತರದ ಬೆಂಗಳೂರಿಗೆ ಅಲೆ ಬಡಿಯುವುದಿಲ್ಲ. ಕಾರವಾರ, ಉಳ್ಳಾಲದಲ್ಲಿ ಮನೆಯಿರುವವರಿಗೆ ಆ ನೆಮ್ಮದಿಯಿಲ್ಲ.

ಈ ಖರ್ಚನ್ನು ತೂಗುವುದು ಹೇಗೆ? 2002ರಲ್ಲಿ ಹಾರಿಬಿಟ್ಟ ಗ್ರೇಸ್ ಎಂಬ ಜೋಡಿ ಉಪಗ್ರಹಗಳು ಸುಮಾರು 220 ಕಿ.ಮೀ. ಅಂತರದಲ್ಲಿ ಒಂದರ ಹಿಂದೊಂದು ಸುತ್ತುತ್ತಿದ್ದವು. ಕೆಳಗೆ ಹೆಚ್ಚು ಭಾರವಿರುವ ಜಾಗ ಬಂದರೆ ಮುಂದಿನದನ್ನು ಅದು ಮೊದಲು ಸೆಳೆಯುತ್ತದೆ, ಅಂತರ ತುಸುವೇ ಬದಲಾಗುತ್ತದೆ. ಆ ಬದಲಾವಣೆಯನ್ನು ಅಳೆದು ಖಂಡದ ತೂಕ ಹೇಳುತ್ತಾರೆ. ಆ ಜೋಡಿ ಮತ್ತು ಅದರ ನಂತರ ಬಂದ ಜೋಡಿಯ ಲೆಕ್ಕದಂತೆ ಅಂಟಾರ್ಕ್ಟಿಕಾ ಎರಡು ದಶಕಗಳಲ್ಲಿ ವರ್ಷಕ್ಕೆ ಸರಾಸರಿ ಸುಮಾರು 15,000 ಕೋಟಿ ಟನ್ ಕಳೆದುಕೊಂಡಿದೆ. ಪೂರ್ತಿ ತುಂಬಿದ ಕನ್ನಂಬಾಡಿ ಕಟ್ಟೆಯಲ್ಲಿ ನಿಲ್ಲುವ ನೀರು ಸುಮಾರು 140 ಕೋಟಿ ಟನ್. ಅಂದರೆ ವರ್ಷಕ್ಕೆ ನೂರಕ್ಕೂ ಹೆಚ್ಚು ಕನ್ನಂಬಾಡಿ, ಆದಾಯವನ್ನು ಮೀರಿದ ಖರ್ಚು. ಪೂರ್ವದ ಕೆಲವು ಕಡೆ ಹಿಮ ಹೆಚ್ಚು ಬಿದ್ದು ಸ್ವಲ್ಪ ಜಮೆಯೂ ಆಗಿದೆ, ಪಶ್ಚಿಮದ ನಷ್ಟಕ್ಕೆ ಅದು ಸಾಲದು.

ನಾನು ಇಷ್ಟು ಹೇಳುವ ಹೊತ್ತಿಗೆ ಫ್ರೀಜರಿನೊಳಗೆ ಸದ್ದು ಶುರುವಾಗಿತ್ತು. ಮಂಜಿನ ಮುಖ ಇನ್ನೂ ಗಟ್ಟಿಯಾಗಿ, ಬೆಳ್ಳಗೆ, ಏನೂ ಆಗಿಲ್ಲವೆಂಬಂತೆ ಇತ್ತು. ಅಕ್ಕನ ಮಗಳು ಬಗ್ಗಿ ಅಡಿಯಲ್ಲಿ ಬೆರಳಾಡಿಸಿ, "ಚಿಕ್ಕಮ್ಮ, ಗೋಡೆಗೂ ಇದಕ್ಕೂ ನಡುವೆ ನೀರು ಬಂದಿದೆ" ಎಂದಳು. ಅವಳು ಕೈ ಹಿಂದೆಗೆಯುವಷ್ಟರಲ್ಲಿ ಇಡೀ ಹಲಗೆ ಒಮ್ಮೆಗೇ ಕಳಚಿ ಬಿಸಿನೀರಿನ ಪಾತ್ರೆಯ ಮೇಲೆ ಧೊಪ್ಪನೆ ಬಿತ್ತು. ನೀರು ಚೆಲ್ಲಿ ಅಡುಗೆಮನೆಯೆಲ್ಲ ಒದ್ದೆ. ಒಡೆದ ಮಂಜಿನಿಂದ ಪೊಟ್ಟಣ ಎಳೆದು ಅಮ್ಮನ ಕೈಗಿಟ್ಟೆವು. ಅಮ್ಮ ಪ್ರತಿ ಪೊಟ್ಟಣದ ಮೇಲೂ ತಿಂಗಳು, ವರ್ಷ ಬರೆದ ಚೀಟಿ ಅಂಟಿಸುತ್ತಾಳೆ. ಕನ್ನಡಕ ಏರಿಸಿ ಓದಿದಳು.

"ಇದು ಈ ವರ್ಷದ್ದಲ್ಲ ಕಣೇ, ಹೋದ ವರ್ಷದ್ದು. ಈ ವರ್ಷದ್ದು ಈಚೆಗೆ ಎಲ್ಲೋ ಇರಬೇಕು, ನೋಡು."